ಗೃಹಚಿಂತನೆ: ಒಂದೇ ಮನೆಯಲ್ಲಿ ಇಬ್ಬರು ಸ್ವಲೀನ ಮಕ್ಕಳು

ಮಕ್ಕಳ ಪೋಷಣೆಯ ವಿಷಯವಾಗಿ ಈ ಪುಟಗಳಲ್ಲಿ ನಾವು ಹೇಳುತ್ತ ಬಂದಿರುವ ಮಾತುಗಳು ಸ್ವಲ್ಪ ಹೆಚ್ಚು ಕಡಮೆಯಾಗಿ ಎಲ್ಲ ಮನೆಗಳಿಗೂ ಒಪ್ಪುವಂಥವು. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ರೆ, ಹಿರಿಯರಲ್ಲಿ ವಿನಯ, ಪಾಠದಲ್ಲಿ ಶ್ರದ್ಧೆ ಎಂದು ಬರೆದರೆ ಓದಿದವರು ತಲೆದೂಗುತ್ತಾರೆ. ಆದರೆ ಆ ಮಾತುಗಳನ್ನು ಓದಿ, ನಿಟ್ಟುಸಿರು ಬಿಟ್ಟು, ಪತ್ರಿಕೆಯನ್ನು ಮಡಿಸಿಡುವ ತಾಯಂದಿರೂ ಉಂಟು. ಅವರ ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಐದು ವರ್ಷ ತುಂಬಿದರೂ ‘ಅಮ್ಮಾ’ ಎಂದಿಲ್ಲ. ತಿರುಗುವ ಫ್ಯಾನನ್ನು ನೋಡುತ್ತ ಗಂಟೆಗಟ್ಟಲೆ ಕುಳಿತಿರುತ್ತದೆ. ಕುಕ್ಕರು ಕೂಗಿದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಬೀಳುತ್ತದೆ. ಇಂಥ ಮಗು ಒಂದಿದ್ದರೆ ಮನೆಯ ನಡೆವಳಿಯೇ ಬೇರೆಯಾಗುತ್ತದೆ. ಇಬ್ಬರಿದ್ದರೆ? ಕಪಿಲೆಯ ದಡದ ನಂಜನಗೂಡಿನಲ್ಲಾಗಲಿ, ಸಂಗಮದ ತಿರುಮಕೂಡಲು ನರಸೀಪುರದಲ್ಲಾಗಲಿ, ಅವುಗಳ ಸುತ್ತಣ ಹಳ್ಳಿಗಳಲ್ಲಾಗಲಿ ಇರಬಹುದಾದ ಅಂಥ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ತಿಂಗಳ ಲೇಖನವನ್ನು ಬರೆಯುತ್ತಿದ್ದೇವೆ.

ಸ್ವಲೀನತೆ ಎಂದರೇನು

ಈ ಸ್ಥಿತಿಯನ್ನು ವೈದ್ಯರು ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರು ಬಳಕೆಗೆ ಬಂದಿದೆ. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ ಎಂಬ ವೈದ್ಯರು ೧೯೪೩ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಇದಕ್ಕೆ ಈ ಹೆಸರನ್ನು ನೆಲೆಗೊಳಿಸಿದರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇಂಥದೇ ಮಕ್ಕಳನ್ನು ಕುರಿತು ಬರೆದರು. ಅವರಿಬ್ಬರಿಗೂ ಮೊದಲೇ, ೧೯೨೫ರ ಸುಮಾರಿನಲ್ಲಿ, ರಷ್ಯದೇಶದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಇಂಥ ಬಾಲಕರನ್ನು ವರ್ಣಿಸಿದ್ದರು.

ಇದು ಅಂಟುಜಾಡ್ಯವಲ್ಲ, ಬುದ್ಧಿಭ್ರಮಣೆಯೂ ಅಲ್ಲ. ಮಗುವಿನ ಮೆದುಳು ಬೆಳೆಯುವ ಕ್ರಮದಲ್ಲಿಯೇ ಉಂಟಾಗುವ ಒಂದು ಭೇದ. ಆದಕಾರಣ ಇದನ್ನು ಔಷಧದಿಂದ ವಾಸಿಮಾಡುತ್ತೇವೆಂದು ಹೇಳುವವರ ಮಾತನ್ನು ನಂಬಕೂಡದು. ಇದರ ಮುಖ್ಯ ಲಕ್ಷಣಗಳು ಎರಡು. ಇತರರೊಡನೆ ಬೆರೆಯುವುದರಲ್ಲಿಯೂ ಮಾತುಕತೆಯಲ್ಲಿಯೂ ಕಾಣುವ ತೊಡಕು ಒಂದು; ಒಂದೇ ಬಗೆಯ ಚಲನೆ, ಒಂದೇ ಬಗೆಯ ಆಟ, ಒಂದೇ ಕ್ರಮವನ್ನು ಬಿಗಿಯಾಗಿ ಹಿಡಿಯುವುದು ಮತ್ತೊಂದು. ಶಬ್ದ, ಬೆಳಕು, ವಾಸನೆ, ಸ್ಪರ್ಶ ಇವು ಕೆಲವು ಮಕ್ಕಳಿಗೆ ನಮಗಿಂತ ಹತ್ತು ಪಾಲು ಹೆಚ್ಚಾಗಿ ತಗಲುವಂತೆ ಕಾಣುತ್ತದೆ. ಕೆಲವರಿಗೆ ತಗಲದಂತೆಯೇ ಕಾಣುತ್ತದೆ. ಇದ್ದವರೆಲ್ಲ ಒಂದೇ ಸಮವಲ್ಲ. ಒಬ್ಬನು ಆಯುಷ್ಯವೆಲ್ಲ ಮಾತಾಡದಿರಬಹುದು; ಇನ್ನೊಬ್ಬನು ಕಾಲೇಜು ಮುಗಿಸಿ ಉದ್ಯೋಗದಲ್ಲಿರಬಹುದು.

ಲೋಕದಲ್ಲಿ ೧೨೭ ಜನರಿಗೆ ಒಬ್ಬರಂತೆ ಸ್ವಲೀನರಿರುವರೆಂದು ೨೦೨೧ನೆಯ ಇಸವಿಗೆ ಸಂಬಂಧಿಸಿದ ಅಂದಾಜನ್ನು ವಿಶ್ವ ಆರೋಗ್ಯ ಸಂಸ್ಥೆಯವರು ಕೊಟ್ಟಿದ್ದಾರೆ. ೨೦೧೧ರ ಜನಗಣತಿಯಲ್ಲಿ ನಂಜನಗೂಡು ಪಟ್ಟಣದ ಜನಸಂಖ್ಯೆ ಐವತ್ತು ಸಾವಿರದಷ್ಟಿದ್ದಿತು. ಆ ಅಂದಾಜನ್ನು ಈ ಸಂಖ್ಯೆಗೆ ಹಚ್ಚಿ ನೋಡಿದರೆ ಸುಮಾರು ನಾನೂರು ಮಂದಿ ಎಂದಾಗುತ್ತದೆ. ಅಷ್ಟು ಮಂದಿ ನಮ್ಮ ಕಣ್ಣಿಗೆ ಬಿದ್ದಿಲ್ಲವಾದರೆ ಅವರು ಇಲ್ಲವೆಂದಲ್ಲ. ‘ಮೂಗ’, ‘ಮಂಕ’, ‘ಹಠಮಾರಿ’ ಎಂಬ ಹೆಸರುಗಳ ಹಿಂದೆ ಇದ್ದಾರೆಂದು ತಿಳಿಯತಕ್ಕದ್ದು.

ಎರಡನೆಯ ಮಗುವಿಗೂ ಏಕೆ?

ಮೊದಲ ಮಗು ಹೀಗಿದ್ದು ಎರಡನೆಯದೂ ಹೀಗೆಯೇ ಆದರೆ, ಮನೆಯವರೂ ನೆರೆಯವರೂ ಮೊದಲು ಹುಡುಕುವುದು ತಪ್ಪಿತಸ್ಥರನ್ನು. ‘ಏನಮ್ಮಾ, ಇದೂ ಹಾಗೆಯೇನು?’ ಎಂಬ ಒಂದು ಪ್ರಶ್ನೆಯಲ್ಲಿ ಎಷ್ಟು ದೂರುಗಳು ಅಡಗಿರುತ್ತವೆಂಬುದು ಅದನ್ನು ಕೇಳಿಸಿಕೊಂಡ ತಾಯಿಗೆ ಗೊತ್ತು. ಬಸುರಿಯಲ್ಲಿ ಗ್ರಹಣ ನೋಡಿದಳೆಂದು ಒಬ್ಬರು, ನಾಗದೋಷವೆಂದು ಒಬ್ಬರು, ಮಗುವಿನ ಕೈಗೆ ಮೊಬೈಲು ಕೊಟ್ಟಳೆಂದು ಮತ್ತೊಬ್ಬರು. ಇದು ನಮ್ಮ ಹಳ್ಳಿಗಳ ಅಜ್ಞಾನ ಮಾತ್ರವೆಂದು ಯಾರೂ ಹೀಯಾಳಿಸಬೇಕಾಗಿಲ್ಲ. ತಾಯಿಯ ಪ್ರೀತಿ ತಣ್ಣಗಿರುವುದರಿಂದಲೇ ಮಗು ಹೀಗಾಗುತ್ತದೆಂದು ಅಮೆರಿಕದ ವಿದ್ಯಾವಂತರೇ ಹಲವು ವರ್ಷ ಬೋಧಿಸಿದರು; ಬ್ರೂನೋ ಬೆಟಲ್‌ಹೈಮ್ ಎಂಬವರು ೧೯೬೭ರಲ್ಲಿ ಈ ವಾದಕ್ಕಾಗಿ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಅದಕ್ಕೆ ಮೂರು ವರ್ಷ ಮೊದಲೇ, ೧೯೬೪ರಲ್ಲಿ, ಸ್ವಲೀನ ಬಾಲಕನೊಬ್ಬನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಈ ವಾದವನ್ನು ಖಂಡಿಸಿ, ಮೂಲವು ಶರೀರದಲ್ಲಿಯೇ ಇದೆಯೆಂದು ಬರೆದಿದ್ದರು.

ಅನಂತರ ಅವಳಿ ಮಕ್ಕಳ ಪರೀಕ್ಷೆಯಿಂದ ಸಂಗತಿ ಇನ್ನೂ ಸ್ಪಷ್ಟವಾಯಿತು. ೧೯೭೭ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟರ್ ಎಂಬವರು ಬ್ರಿಟನ್ನಿನಲ್ಲಿ ಇಪ್ಪತ್ತೊಂದು ಅವಳಿ ಜೋಡಿಗಳನ್ನು ನೋಡಿದರು. ಒಂದೇ ಅಂಡದಿಂದಾದ ಹನ್ನೊಂದು ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರೂ ಸ್ವಲೀನರಾಗಿದ್ದರು; ಬೇರೆ ಬೇರೆ ಅಂಡಗಳಿಂದಾದ ಹತ್ತು ಜೋಡಿಗಳ ಪೈಕಿ ಒಂದರಲ್ಲಿಯೂ ಇಬ್ಬರೂ ಹಾಗಿರಲಿಲ್ಲ. ಎಲ್ಲ ಜೋಡಿಗಳೂ ಒಂದೇ ತಾಯಿಯ ಮಡಿಲಲ್ಲಿ ಬೆಳೆದವೇ ಅಷ್ಟೆ. ಆದುದರಿಂದ ಮೂಲವು ಬಹುಮಟ್ಟಿಗೆ ರಕ್ತಗತವಾದುದೆಂದು ತಿಳಿದುಬಂದಿತು. ಅದು ಒಂದು ಬೀಜದ ಕೆಲಸವಲ್ಲ. ನೂರಾರು ವಂಶವಾಹಿಗಳು ಕೂಡಿ ಮಾಡುವ ಕೆಲಸವೆಂದು ಈಗ ತಿಳಿಯುತ್ತಾರೆ.

ಹಿರಿಯ ಮಗು ಸ್ವಲೀನವಾಗಿದ್ದರೆ ಕಿರಿಯ ಮಗುವೂ ಹಾಗಾಗುವ ಸಂಭವವೆಷ್ಟು ಎಂಬುದನ್ನು ಕಂಡುಹಿಡಿಯಲು ಹಸುಗೂಸುಗಳನ್ನು ಮೂರು ವರ್ಷದವರೆಗೆ ಗಮನಿಸಿದ ದೊಡ್ಡ ಪರಿಶೋಧನೆಯೊಂದರ ಫಲವು ೨೦೨೪ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಶಿಶುಗಳು ೧,೬೦೫. ಅವರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಮಕ್ಕಳಿಗೆ ಸ್ವಲೀನತೆ ಕಂಡಿತು. ಗಂಡು ಮಕ್ಕಳಲ್ಲಿ ಈ ಸಂಖ್ಯೆ ಸುಮಾರು ೨೫, ಹೆಣ್ಣು ಮಕ್ಕಳಲ್ಲಿ ಸುಮಾರು ೧೩. ಹಿರಿಯರಲ್ಲಿ ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಂದಿ ಸ್ವಲೀನರಿದ್ದರೆ ಅದು ೩೭ಕ್ಕೆ ಏರುತ್ತದೆ. ಈ ಲೆಕ್ಕವನ್ನು ಎರಡು ಬಗೆಯಲ್ಲಿ ಓದಬೇಕು. ಇನ್ನೊಂದು ಮಗು ಬೇಕೇ ಎಂದು ಯೋಚಿಸುವ ದಂಪತಿಗಳಿಗೆ, ಐದರಲ್ಲಿ ನಾಲ್ಕು ಪಾಲು ಹಾಗಾಗುವುದಿಲ್ಲವೆಂಬ ಧೈರ್ಯ ಇದರಲ್ಲಿದೆ. ಈಗಾಗಲೇ ಇಬ್ಬರಿರುವವರಿಗೆ, ಇದು ತಮಗೊಬ್ಬರಿಗೇ ಬಂದದ್ದಲ್ಲ, ಐದು ಮನೆಗೊಂದರಂತೆ ಬರುವಂಥದು ಎಂಬ ಸಮಾಧಾನವಿದೆ.

ಚುಚ್ಚುಮದ್ದಿನಿಂದ ಹೀಗಾಯಿತೆಂಬ ಶಂಕೆ ಇನ್ನೂ ಕೆಲವರಲ್ಲಿದೆ. ಆ ಶಂಕೆಯನ್ನು ಹಬ್ಬಿಸಿದ ೧೯೯೮ರ ಲೇಖನವನ್ನು ಅದನ್ನು ಅಚ್ಚುಮಾಡಿದ ವೈದ್ಯಪತ್ರಿಕೆಯೇ ೨೦೧೦ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ೬,೫೭,೪೬೧ ಮಕ್ಕಳ ದಾಖಲೆಗಳನ್ನು ನೋಡಿ ೨೦೧೯ರಲ್ಲಿ ಪ್ರಕಟಿಸಿದ ವರದಿಯು, ದಡಾರದ ಚುಚ್ಚುಮದ್ದಿಗೂ ಸ್ವಲೀನತೆಗೂ ಸಂಬಂಧವಿಲ್ಲವೆಂದು ತೋರಿಸಿತು. ಹಿರಿಯ ಸೋದರರು ಸ್ವಲೀನರಾಗಿದ್ದ ಮಕ್ಕಳಲ್ಲಿಯೂ ಸಂಬಂಧ ಕಾಣಲಿಲ್ಲ. ಹಿರಿಯ ಮಗು ಹೀಗಿದೆಯೆಂದು ಕಿರಿಯದಕ್ಕೆ ಚುಚ್ಚುಮದ್ದು ತಪ್ಪಿಸುವುದು, ಇರುವ ಕಷ್ಟದ ಮೇಲೆ ದಡಾರದ ಅಪಾಯವನ್ನೂ ತಂದುಕೊಂಡಂತೆ.

ಒಂದು ಸಂಗತಿಯನ್ನು ಮಾತ್ರ ವಿಶೇಷವಾಗಿ ಹೇಳಬೇಕಾಗಿದೆ. ಒಂದೇ ಮನೆಯಲ್ಲಿ ಇಬ್ಬರಿಗೆ, ಅಥವಾ ತಾಯಿಯ ಕಡೆಯ ಸೋದರಮಾವಂದಿರಿಗೂ ಇದ್ದರೆ, ವಂಶವಾಹಿ ಪರೀಕ್ಷೆಯನ್ನು ಕುರಿತು ವೈದ್ಯರನ್ನು ಕೇಳತಕ್ಕದ್ದು. ಫ್ರಾಜೈಲ್ ಎಕ್ಸ್ ಎಂಬ ಒಂದು ಸ್ಥಿತಿಯುಂಟು. ಅದರ ವಂಶವಾಹಿಯನ್ನು ೧೯೯೧ರಲ್ಲಿ ಗುರುತಿಸಿದರು. ತಾಯಿಯು ಆರೋಗ್ಯವಾಗಿಯೇ ಇದ್ದು ಆಕೆಯ ಮೂಲಕ ಮಕ್ಕಳಿಗೆ ಬರಬಹುದಾದ ಇದು ಗಂಡು ಮಕ್ಕಳಲ್ಲಿ ಹೆಚ್ಚು ತೀವ್ರವಾಗಿರುತ್ತದೆ. ಸ್ವಲೀನರಲ್ಲಿ ಸ್ವಲ್ಪ ಮಂದಿಗೆ ಮಾತ್ರ ಇದು ಕಾರಣ. ಆದರೆ ರಕ್ತಪರೀಕ್ಷೆಯಿಂದ ತಿಳಿಯುವಂಥದು. ತಿಳಿದರೆ ಚಿಕ್ಕಮ್ಮ, ಅಕ್ಕತಂಗಿಯರಿಗೂ ಮುಂದಿನ ಯೋಚನೆಗೆ ದಾರಿಯಾಗುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ವಾಡಿಕೆಯುಳ್ಳ ನಮ್ಮ ಸೀಮೆಯಲ್ಲಿ, ಬೆಳವಣಿಗೆಯ ತೊಡಕಿರುವ ಮಕ್ಕಳು ಇಬ್ಬರಿರುವ ಮನೆಯವರು ಆ ಸಂಬಂಧವನ್ನೂ ವೈದ್ಯರಿಗೆ ಮುಚ್ಚದೆ ಹೇಳತಕ್ಕದ್ದು. ಇದು ದೂಷಣೆಗಲ್ಲ, ಸರಿಯಾದ ಪರೀಕ್ಷೆಯನ್ನು ಆರಿಸುವುದಕ್ಕೆ.

ಕಿರಿಯ ಮಗುವನ್ನು ನೋಡುವ ಕ್ರಮ

ಹಿರಿಯ ಮಗುವಿನಲ್ಲಿ ಸ್ವಲೀನತೆ ಇದೆಯೆಂದು ತಿಳಿದ ಮನೆಯಲ್ಲಿ ಕಿರಿಯದನ್ನು ಭಯದಿಂದಲ್ಲ, ಗಮನದಿಂದ ನೋಡಬೇಕು. ಒಂಬತ್ತು ತಿಂಗಳಿಗೆ ಮುಖ ನೋಡಿ ನಗುತ್ತದೆಯೇ? ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗುತ್ತದೆಯೇ? ಒಂದೂವರೆ ವರ್ಷಕ್ಕೆ ಚಂದ್ರನನ್ನೋ ಹಸುವನ್ನೋ ಬೆರಳಿನಿಂದ ತೋರಿಸಿ, ತಾಯಿಯೂ ನೋಡಿದಳೇ ಎಂದು ಆಕೆಯ ಮುಖವನ್ನು ನೋಡುತ್ತದೆಯೇ? ಎರಡು ವರ್ಷಕ್ಕೆ ‘ಹಾಲು ಬೇಕು’ ಎಂಬಂತೆ ಎರಡು ಪದ ಕೂಡಿಸುತ್ತದೆಯೇ? ಬಂದ ಮಾತು ಹಿಂದಕ್ಕೆ ಹೋಯಿತೇ? ಇವುಗಳಲ್ಲಿ ಸಂದೇಹವಿದ್ದರೆ ‘ಅವರ ತಾತನೂ ತಡವಾಗಿಯೇ ಮಾತಾಡಿದರು’ ಎಂದು ಕಾಯುತ್ತ ಕೂರಬಾರದು. ಮೊದಲನೆಯ ಮಗುವಿಗೆ ಐದಾರು ವರ್ಷಕ್ಕೆ ದೊರೆತ ಸಹಾಯ ಎರಡನೆಯದಕ್ಕೆ ಎರಡು ವರ್ಷಕ್ಕೇ ದೊರೆಯಬಹುದು. ಇಬ್ಬರಿರುವ ಮನೆಗೆ ಇರುವ ಒಂದೇ ಅನುಕೂಲ ಇದು; ಅದನ್ನು ಕಳೆದುಕೊಳ್ಳಬಾರದು.

ಈ ಸೀಮೆಯವರಿಗೆ ದೂರ ಹೋಗಬೇಕಾದ ಅಗತ್ಯವಿಲ್ಲ. ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ನಂಜನಗೂಡಿನಿಂದ ಇಪ್ಪತ್ತೈದು, ನರಸೀಪುರದಿಂದ ಮೂವತ್ತು ಕಿಲೋಮೀಟರಿನಷ್ಟು ದಾರಿ. ಅಲ್ಲಿ ಮೊದಲು ಕಿವಿಯನ್ನು ಪರೀಕ್ಷಿಸುತ್ತಾರೆ. ಏಕೆಂದರೆ ಕರೆದರೆ ತಿರುಗದ ಮಗುವಿಗೆ ಕಿವುಡಿರಬಹುದು, ಸ್ವಲೀನತೆಯಿರಬಹುದು, ಎರಡೂ ಇರಬಹುದು. ಆ ಸಂಸ್ಥೆಯವರು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿಯೂ ಒಂದು ಸೇವಾಕೇಂದ್ರವನ್ನು ತೆರೆದದ್ದುಂಟು. ಹೋಗುವುದಕ್ಕೆ ಮುಂಚೆ ದಿನವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೂ ಶಾಲೆಗೂ ಬಂದಾಗ ಮಗುವನ್ನು ಒಳಗೆ ಬಚ್ಚಿಡದೆ ಅವರ ಮುಂದೆ ಕೂರಿಸಬೇಕು.

ನಂಜುಂಡೇಶ್ವರನನ್ನು ರೋಗಹರನೆಂದು ನಂಬಿ ನಾಡಿನ ಮೂಲೆಮೂಲೆಯಿಂದ ಜನರು ಮಕ್ಕಳನ್ನೆತ್ತಿಕೊಂಡು ಬರುತ್ತಾರೆ. ಟಿಪ್ಪು ಸುಲ್ತಾನನೂ ಆ ದೇವರನ್ನು ಹಕೀಮನೆಂದು ಕರೆದನೆಂಬ ಐತಿಹ್ಯವಿದೆ. ಹರಕೆಯನ್ನಾಗಲಿ ಉರುಳುಸೇವೆಯನ್ನಾಗಲಿ ಬೇಡವೆಂದು ನಾವು ಹೇಳುವುದಿಲ್ಲ. ತಾಯಿತಂದೆಗಳ ಮನಸ್ಸಿಗೆ ಅದರಿಂದ ಬಲ ಬರುವುದಾದರೆ ಬರಲಿ. ಆದರೆ ಹರಕೆ ತೀರಲೆಂದು ವೈದ್ಯರ ಭೇಟಿಯನ್ನು ಒಂದು ವರ್ಷ ಮುಂದೂಡಿದರೆ, ಮಗುವಿನ ಆಯುಷ್ಯದ ಅತ್ಯಮೂಲ್ಯವಾದ ವರ್ಷವೇ ಹೋಯಿತು. ಬರೆ ಹಾಕಿಸುವುದು, ಹೊಗೆ ಕೊಡುವುದು ಮುಂತಾದುವು ಮಾತ್ರ ಎಂದಿಗೂ ಕೂಡದು.

ಇಬ್ಬರ ನಡುವೆ ಮನೆ

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಹಿರಿಯ ಹುಡುಗನಿಗೆ ಒಂಬತ್ತು ವರ್ಷ. ಮಾತಿಲ್ಲ, ಶಬ್ದವನ್ನು ಸಹಿಸಲಾರ, ಮೊಸರನ್ನವನ್ನಲ್ಲದೆ ಬೇರೇನನ್ನೂ ತಿನ್ನ, ರಸಬಾಳೆಯ ಘಮ ಮನೆಯೊಳಕ್ಕೆ ಬಂದರೆ ಹೊರಗೆ ಓಡುವನು. ಕಿರಿಯ ಹುಡುಗಿಗೆ ಐದು. ಮಾತುಂಟು, ಆದರೆ ಕೇಳಿದ್ದನ್ನೇ ದಿನವೆಲ್ಲ ಹೇಳುವಳು. ತಟ್ಟೆ ಲೋಟಗಳನ್ನು ಬಡಿದು ನಾದ ಕೇಳುವುದೆಂದರೆ ಆಕೆಗೆ ಪರಮಾನಂದ. ಆಕೆಯ ಆನಂದವೇ ಅವನ ಸಂಕಟ. ಅವನು ಕಿವಿ ಮುಚ್ಚಿ ಚೀರಿದರೆ ಆ ಚೀರುವಿಕೆಗೆ ಆಕೆ ಹೆದರಿ ತಲೆಯನ್ನು ಗೋಡೆಗೆ ಬಡಿದುಕೊಳ್ಳುವಳು. ನಡುವೆ ಒಲೆಯ ಮೇಲಿನ ಸಾರು ಉಕ್ಕುತ್ತದೆ. ಒಬ್ಬ ಮಗುವಿನ ಪೋಷಣೆಗೆ ಎರಡರಿಂದ ಗುಣಿಸಿದರೆ ಇಬ್ಬರ ಪೋಷಣೆಯಾಗುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಒಬ್ಬನಿಗೆ ಹಿತವಾದುದು ಇನ್ನೊಬ್ಬಳಿಗೆ ಅಹಿತವಾಗುವುದೇ ಇಲ್ಲಿಯ ನಿಜವಾದ ತೊಡಕು.

ಮೊದಲನೆಯದಾಗಿ, ಇದು ಹಠವಲ್ಲವೆಂಬುದನ್ನು ಮನೆಯ ಹಿರಿಯರೆಲ್ಲ ತಿಳಿಯಬೇಕು. ಹಠ ಮಾಡುವ ಮಗು ಬೇಕಾದ್ದು ದೊರೆತೊಡನೆ ಸುಮ್ಮನಾಗುತ್ತದೆ, ನೋಡುವವರು ಇದ್ದಾರೆಯೇ ಎಂದು ಓರೆಗಣ್ಣಿನಿಂದ ನೋಡುತ್ತದೆ. ಈ ಮಗು ಯಾರನ್ನೂ ನೋಡುವುದಿಲ್ಲ, ತಡೆಯಲಾರದೆ ಕುಸಿಯುತ್ತದೆ. ಅಂಥ ಹೊತ್ತಿನಲ್ಲಿ ಹೊಡೆತವೂ ಉಪದೇಶವೂ ಎರಡೂ ವ್ಯರ್ಥ. ಬೆಳಕನ್ನು ತಗ್ಗಿಸಿ, ಮಾತನ್ನು ನಿಲ್ಲಿಸಿ, ಅಪಾಯದ ವಸ್ತುಗಳನ್ನು ದೂರಮಾಡಿ ಪಕ್ಕದಲ್ಲಿರುವುದೇ ಚಿಕಿತ್ಸೆ.

ಎರಡನೆಯದಾಗಿ, ಮನೆ ಎಷ್ಟೇ ಚಿಕ್ಕದಾದರೂ ಇಬ್ಬರಿಗೂ ಬೇರೆ ಬೇರೆ ನೆಲೆ ಬೇಕು. ಕೋಣೆಯೇ ಆಗಬೇಕೆಂದಿಲ್ಲ. ಹಳೆಯ ತೊಟ್ಟಿಮನೆಯಾದರೆ ಒಂದು ಪಡಸಾಲೆ, ಎರಡು ಅಂಕಣದ ಮನೆಯಾದರೆ ಸೀರೆಯನ್ನು ಅಡ್ಡ ಕಟ್ಟಿದ ಒಂದು ಮೂಲೆ ಸಾಕು. ಹುಡುಗನ ಮೂಲೆಯಲ್ಲಿ ಕಂಬಳಿ, ದಿಂಬು, ಮಂದ ಬೆಳಕು. ಹುಡುಗಿಗೆ ಹಿತ್ತಲಿನಲ್ಲಿ ತಟ್ಟೆ ಬಡಿಯುವುದಕ್ಕೆ ಗೊತ್ತಾದ ಒಂದು ಹೊತ್ತು. ಆ ಹೊತ್ತಿನಲ್ಲಿ ಹುಡುಗನನ್ನು ತಂದೆಯೋ ಅಜ್ಜನೋ ಹೊರಗೆ ನಡೆಸಿಕೊಂಡು ಹೋಗಲಿ. ಬಯಕೆಯನ್ನು ಅದುಮುವುದಕ್ಕಿಂತ ಅದಕ್ಕೊಂದು ಹೊತ್ತನ್ನೂ ಜಾಗವನ್ನೂ ಕೊಡುವುದು ಸುಲಭ. ಕಿವಿಗೆ ಹಾಕುವ ಶಬ್ದ ತಡೆಯುವ ಮುಚ್ಚಳಗಳೂ ಈಗ ದೊರೆಯುತ್ತವೆ.

ಮೂರನೆಯದಾಗಿ, ದಿನದ ಕ್ರಮವನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸಬೇಕು: ಹಲ್ಲುಜ್ಜುವುದು, ಸ್ನಾನ, ತಿಂಡಿ, ಬಸ್ಸು, ಶಾಲೆ. ಮುಂದೇನೆಂದು ತಿಳಿಯದಿರುವುದೇ ಈ ಮಕ್ಕಳಿಗೆ ಬಹಳ ದೊಡ್ಡ ಭಯ. ಮಾತಿಲ್ಲದ ಹುಡುಗನು ನೀರಿನ ಚಿತ್ರವನ್ನು ತೋರಿಸಿ ನೀರು ಕೇಳಲು ಕಲಿತರೆ ಅರ್ಧದಷ್ಟು ಕಿರುಚಾಟ ತಾನಾಗಿಯೇ ನಿಲ್ಲಬಹುದು. ಚಿತ್ರ ತೋರಿಸುವ ಅಭ್ಯಾಸದಿಂದ ಮಾತು ಬರುವುದು ತಡವಾಗುತ್ತದೆಂಬ ಭಯ ನಿರಾಧಾರವಾದುದು. ಹಾಗೆಯೇ, ಮನೆಯಲ್ಲಿ ಕನ್ನಡವನ್ನು ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿದರೆ ಮಗುವಿಗೆ ಸುಲಭವೆಂದು ಕೆಲವರು ಬುದ್ಧಿ ಹೇಳುವುದುಂಟು. ಎರಡು ಭಾಷೆಗಳನ್ನು ಕೇಳುವುದರಿಂದ ಸ್ವಲೀನ ಮಕ್ಕಳಿಗೆ ಹಾನಿಯಾಗುವುದಿಲ್ಲವೆಂದು ಪರಿಶೋಧನೆಗಳು ತೋರಿಸಿವೆ. ಅಜ್ಜಿ ಆಡುವ ಮಾತು ಮೊಮ್ಮಗುವಿಗೆ ತಪ್ಪಬಾರದು.

ನಾಲ್ಕನೆಯದಾಗಿ, ಇಬ್ಬರನ್ನು ಹೋಲಿಸಬಾರದು. ‘ತಂಗಿ ಮಾತಾಡುತ್ತಾಳೆ, ನಿನಗೇನಾಗಿದೆ?’ ಎಂಬುದು ಮಾತಿಲ್ಲದವನಿಗೂ ಅರ್ಥವಾಗುವ ಮಾತು.

ಮೈಸೂರಿಗೆ ಹೋಗುವ ದಾರಿ

ವಾರಕ್ಕೆ ಎರಡು ಸಲ ಇಬ್ಬರನ್ನೂ ಬಸ್ಸಿನಲ್ಲಿ ಮೈಸೂರಿಗೆ ಕರೆದೊಯ್ಯುವುದೆಂದರೆ ಹೇಳಿದಷ್ಟು ಸುಲಭವಲ್ಲ. ಆ ದಿನದ ಕೂಲಿ ಹೋಗುತ್ತದೆ. ಬಸ್ಸಿನಲ್ಲಿ ಹಾರ್ನು ಕೂಗಿದರೆ ಹುಡುಗ ಕೆಳಗೆ ಇಳಿಯಬೇಕೆನ್ನುತ್ತಾನೆ. ಜೊತೆಯವರ ನೋಟ ಬೇರೆ. ಆದಕಾರಣ ತಂದೆತಾಯಿಗಳು ತಾವೇ ಕಲಿತು ಮನೆಯಲ್ಲಿ ಅಭ್ಯಾಸ ಮಾಡಿಸುವುದೇ ತಾಲ್ಲೂಕಿನ ಊರುಗಳಿಗೆ ಒಪ್ಪುವ ದಾರಿ. ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ೬೫ ಸ್ವಲೀನ ಮಕ್ಕಳ ಮನೆಗಳಲ್ಲಿ ಮಾಡಿದ ಒಂದು ಪ್ರಯೋಗದ ವರದಿಯು ೨೦೧೬ರಲ್ಲಿ ಪ್ರಕಟವಾಯಿತು. ಅಲ್ಲಿ ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯಸೇವಕರು ತಾಯಂದಿರಿಗೆ ಹೇಳಿಕೊಟ್ಟರು. ಮಗುವಿನ ಗಮನ ಎಲ್ಲಿದೆಯೋ ಅಲ್ಲಿಗೆ ತಾನು ಹೋಗುವುದು, ಅದು ಆಡುವ ಆಟದೊಳಕ್ಕೆ ತಾನು ಸೇರುವುದು, ಉತ್ತರಕ್ಕಾಗಿ ಕಾಯುವುದು, ಇವೇ ಪಾಠ. ತಾಯಂದಿರು ಮಗುವಿಗೆ ಹೊಂದಿಕೊಂಡು ನಡೆಯುವುದು ಹೆಚ್ಚಿತು. ಮಕ್ಕಳು ತಾವಾಗಿಯೇ ಮುಂದೆ ಬಂದು ಬೆರೆಯುವುದೂ ಹೆಚ್ಚಿತು. ಇಬ್ಬರು ಮಕ್ಕಳಿರುವಲ್ಲಿ ದಿನಕ್ಕೆ ಅರ್ಧ ಗಂಟೆ ಒಬ್ಬರಿಗೆ, ಅರ್ಧ ಗಂಟೆ ಇನ್ನೊಬ್ಬರಿಗೆ, ಬೇರೆ ಬೇರೆಯಾಗಿ ಮೀಸಲಿಡಬೇಕು. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಹೆಚ್ಚು ಕೂಗುವವರಿಗೇ ಪಾಠವೆಲ್ಲ ಸಲ್ಲುತ್ತದೆ.

ನೀರಿನ ಎಚ್ಚರ

ಈ ಎರಡು ಊರುಗಳ ಮನೆಗಳಿಗೆ ನಾವು ಅತ್ಯಂತ ಒತ್ತಿ ಹೇಳಬೇಕಾದ ಮಾತು ಇದು. ಸ್ವಲೀನ ಮಕ್ಕಳಲ್ಲಿ ಅನೇಕರು ಹೇಳದೆ ಕೇಳದೆ ಹೊರಟುಬಿಡುತ್ತಾರೆ. ಅಮೆರಿಕದಲ್ಲಿ ೧೨೧೮ ಮನೆಗಳನ್ನು ವಿಚಾರಿಸಿ ೨೦೧೨ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನಾಲ್ಕು ವರ್ಷ ದಾಟಿದ ಸ್ವಲೀನ ಮಕ್ಕಳ ಪೈಕಿ ನೂರಕ್ಕೆ ೪೯ ಮಂದಿ ಒಂದು ಸಲವಾದರೂ ಹಾಗೆ ಹೋಗಲು ಯತ್ನಿಸಿದ್ದರು. ಅವರಲ್ಲಿ ಬಹಳ ಮಂದಿಗೆ ನೀರಿನ ಸೆಳೆತ ಹೆಚ್ಚು; ಹೀಗೆ ಹೊರಟ ಮಕ್ಕಳ ಸಾವಿಗೆ ಮುಖ್ಯ ಕಾರಣ ಮುಳುಗುವುದೇ. ನಂಜನಗೂಡಿನಲ್ಲಿ ದೇವಾಲಯದ ಹತ್ತಿರವೇ ಕಪಿಲೆಯ ಸ್ನಾನಘಟ್ಟ. ನರಸೀಪುರದಲ್ಲಿ ಕಾವೇರಿ ಕಪಿಲೆಗಳೆರಡೂ ಕೂಡುತ್ತವೆ. ಸುತ್ತಲೂ ನಾಲೆಗಳು, ಕೆರೆಗಳು, ಬಾವಿಗಳು. ಇಬ್ಬರಲ್ಲಿ ಒಬ್ಬಳು ಬಿದ್ದು ಅಳುತ್ತಿರುವಾಗ ತಾಯಿಯ ಕಣ್ಣು ಅತ್ತ ತಿರುಗುವುದು ಸಹಜ. ಇನ್ನೊಬ್ಬನು ಹೊರಡುವುದು ಆ ಕ್ಷಣದಲ್ಲಿಯೇ.

ಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಇನ್ನೊಂದು ಚಿಲಕ, ತೆರೆದರೆ ಸದ್ದಾಗುವಂತೆ ಒಂದು ಗಂಟೆ, ಬಾವಿಗೆ ಕಬ್ಬಿಣದ ಜಾಲರಿ, ಕೊರಳಿಗೋ ಕೈಗೋ ಫೋನಿನ ಸಂಖ್ಯೆ ಬರೆದ ಬಿಲ್ಲೆ, ಇವು ಕೂಡಲೇ ಆಗಬೇಕಾದುವು. ನದಿಗೆ ಹೋಗುವ ದಾರಿಯ ಅಂಗಡಿಯವರಿಗೂ ಘಟ್ಟದಲ್ಲಿ ಬಟ್ಟೆ ಒಗೆಯುವವರಿಗೂ ಮಕ್ಕಳ ಮುಖ ಪರಿಚಯ ಮಾಡಿಸಿ, ‘ಇವರು ಒಂಟಿಯಾಗಿ ಬಂದರೆ ಹಿಡಿದು ನಿಲ್ಲಿಸಿ, ನಮಗೆ ತಿಳಿಸಿ’ ಎಂದು ಕೇಳಿಕೊಳ್ಳತಕ್ಕದ್ದು. ಮಗು ಕಾಣೆಯಾದರೆ ಮೊದಲು ಹುಡುಕಬೇಕಾದ್ದು ಬಂಧುಗಳ ಮನೆಯನ್ನಲ್ಲ, ನೀರಿನ ಅಂಚನ್ನು. ಸಾಧ್ಯವಾದರೆ ಈಜು ಕಲಿಸಬೇಕು.

ಜಾತ್ರೆಯ ಮಾತೂ ಇಲ್ಲಿಯೇ ಬರುತ್ತದೆ. ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಹೊರಡುವಾಗಿನ ಜನಸಂದಣಿಯಾಗಲಿ, ೧೯೮೯ರಿಂದ ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ಸಂಗಮದಲ್ಲಿ ಕೂಡುತ್ತ ಬಂದಿರುವ ಕುಂಭಮೇಳವಾಗಲಿ ಇಂಥ ಇಬ್ಬರು ಮಕ್ಕಳಿಗೆ ತಕ್ಕ ಸ್ಥಳವಲ್ಲ. ಹಾಗೆಂದು ತೇರನ್ನೇ ನೋಡದಂತೆ ಅವರನ್ನು ಬೆಳೆಸಬೇಕೆ? ಹಿಂದಿನ ದಿನ ರಥವನ್ನು ಸಿಂಗರಿಸುವಾಗ, ಬೆಳಗಿನ ಜಾವದ ತಣ್ಣನೆಯ ಹೊತ್ತಿನಲ್ಲಿ, ಒಬ್ಬ ಮಗುವಿಗೆ ಒಬ್ಬ ದೊಡ್ಡವರಂತೆ ಕೈ ಹಿಡಿದು ತೋರಿಸಿಕೊಂಡು ಬರಬಹುದು.

ಮೂರನೆಯ ಮಗು ಮತ್ತು ತಾಯಿ

ಕೆಲವು ಮನೆಗಳಲ್ಲಿ ಸ್ವಲೀನರಲ್ಲದ ಇನ್ನೊಂದು ಮಗುವೂ ಇರುತ್ತದೆ. ಅದು ಹೆಣ್ಣಾಗಿದ್ದರೆ ಏಳೆಂಟು ವರ್ಷಕ್ಕೇ ಅರ್ಧ ತಾಯಿಯಾಗಿಬಿಡುತ್ತದೆ. ಅಣ್ಣನನ್ನು ನೋಡಿಕೋ, ತಮ್ಮನಿಗೆ ಬಿಟ್ಟುಕೊಡು, ಗಲಾಟೆ ಮಾಡಬೇಡ ಎಂಬ ಮೂರು ಮಾತುಗಳಲ್ಲಿಯೇ ಅದರ ಬಾಲ್ಯ ಕಳೆಯುತ್ತದೆ. ಆ ಮಗುವಿಗೂ ವಾರಕ್ಕೊಂದು ಹೊತ್ತು ತಾಯಿ ಬೇಕು, ಬೇರೆ ಯಾರೂ ಇಲ್ಲದೆ. ಅಣ್ಣತಮ್ಮಂದಿರು ಹೀಗೇಕಿದ್ದಾರೆಂಬುದನ್ನು ಅದಕ್ಕೆ ತಿಳಿಯುವ ಮಾತಿನಲ್ಲಿ ನಿಜವಾಗಿ ಹೇಳಬೇಕು. ನಾಳೆ ಅವರ ಭಾರವೆಲ್ಲ ಅದರ ಮೇಲೆಯೇ ಎಂದು ಈಗಲೇ ಹೇಳಿ ಹೆದರಿಸಬಾರದು.

ತಾಯಿಯ ವಿಷಯ ಹೇಳುವುದಾದರೆ, ಆಕೆಗೆ ನಿದ್ರೆಯಿಲ್ಲ. ಸ್ವಲೀನ ಮಕ್ಕಳಲ್ಲಿ ಬಹಳ ಮಂದಿಗೆ ರಾತ್ರಿ ನಿದ್ರೆ ಸರಿಯಾಗಿ ಬರುವುದಿಲ್ಲ. ಇಬ್ಬರಿದ್ದರೆ ಒಬ್ಬರು ಮಲಗುವ ಹೊತ್ತಿಗೆ ಇನ್ನೊಬ್ಬರು ಏಳುತ್ತಾರೆ. ಗಂಡಸು ದುಡಿದು ಬಂದು ದಣಿದಿದ್ದಾನೆಂಬುದು ಸರಿಯಷ್ಟೆ. ಆದರೆ ಈಕೆಯ ಕೆಲಸಕ್ಕೆ ಸಂಜೆಯೆಂಬುದೇ ಇಲ್ಲ. ವಾರದಲ್ಲಿ ಎರಡು ರಾತ್ರಿಯ ಪಾರವನ್ನು ತಂದೆ ವಹಿಸಿಕೊಂಡರೆ ಆ ಮನೆ ನಿಲ್ಲುತ್ತದೆ. ಅತ್ತೆಯೂ ನಾದಿನಿಯೂ ತಪ್ಪು ಹುಡುಕುವ ಬದಲು ಒಂದು ಮಗುವನ್ನು ಒಂದು ಗಂಟೆ ಎತ್ತಿಕೊಂಡರೆ ಅದಕ್ಕಿಂತ ದೊಡ್ಡ ಹರಕೆಯಿಲ್ಲ.

ಕಾನೂನು ಮತ್ತು ನಾಳೆ

೨೦೧೬ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಇಪ್ಪತ್ತೊ೦ದು ವೈಕಲ್ಯಗಳನ್ನು ಹೆಸರಿಸಿದೆ. ಅವುಗಳಲ್ಲಿ ಸ್ವಲೀನತೆಯೂ ಒಂದು. ಇಬ್ಬರಿಗೂ ಬೇರೆ ಬೇರೆಯಾಗಿ ಪ್ರಮಾಣಪತ್ರವನ್ನೂ ವಿಶಿಷ್ಟ ಗುರುತಿನ ಚೀಟಿಯನ್ನೂ ಮಾಡಿಸಬೇಕು. ಒಬ್ಬರದು ಆಗಿದೆಯೆಂದು ಇನ್ನೊಬ್ಬರದನ್ನು ಬಿಡುವುದು ಕಾಣಬರುವ ಲೋಪ. ನಿಗದಿಯಾದ ಪ್ರಮಾಣದ ವೈಕಲ್ಯವುಳ್ಳ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ವಿದ್ಯಾಭ್ಯಾಸದ ಹಕ್ಕನ್ನು ಆ ಅಧಿನಿಯಮ ಕೊಡುತ್ತದೆ. ಶಾಲೆಯವರು ಸೇರಿಸಿಕೊಳ್ಳಲು ಹಿಂದೆಗೆದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಇಂಥ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರನ್ನು ಕಾಣಬಹುದು. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿಗಳ ಕೆಲಸದಲ್ಲಿ ನೆರವಾಗುತ್ತಾರೆ. ೧೯೯೯ರ ಅಧಿನಿಯಮದಿಂದಾದ ರಾಷ್ಟ್ರೀಯ ನ್ಯಾಸವು ನಿರಾಮಯ ಎಂಬ ಆರೋಗ್ಯವಿಮೆಯನ್ನು ನಡೆಸುತ್ತದೆ; ಅದರ ಮಿತಿ ಒಂದು ಲಕ್ಷ ರೂಪಾಯಿ.

ಆದರೆ ಇಬ್ಬರು ಮಕ್ಕಳ ತಂದೆತಾಯಿಗಳು ರಾತ್ರಿ ಕಣ್ಣು ಬಿಟ್ಟುಕೊಂಡು ಕೇಳಿಕೊಳ್ಳುವ ಪ್ರಶ್ನೆ ಇವು ಯಾವುದೂ ಅಲ್ಲ. ನಮ್ಮ ತರುವಾಯ ಯಾರು? ಒಬ್ಬ ಮಗುವಾದರೆ ಒಡಹುಟ್ಟಿದವರು ನೋಡಿಯಾರೆಂಬ ಆಸೆಯಿರುತ್ತದೆ. ಇಲ್ಲಿ ಒಡಹುಟ್ಟಿದವರೂ ಅದೇ ಸ್ಥಿತಿಯಲ್ಲಿದ್ದಾರೆ. ಇದಕ್ಕೆ ಪೂರ್ಣವಾದ ಉತ್ತರ ನಮ್ಮ ಸಮಾಜದಲ್ಲಿ ಇನ್ನೂ ಸಿದ್ಧವಾಗಿಲ್ಲವೆಂದು ಒಪ್ಪಿಕೊಳ್ಳಲೇಬೇಕು. ಇರುವ ದಾರಿ ಇಷ್ಟು: ಮಗುವಿಗೆ ಹದಿನೆಂಟು ತುಂಬಿದ ಮೇಲೆ, ಅಗತ್ಯವಿದ್ದರೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಪೋಷಕರನ್ನು ಕಾನೂನುಬದ್ಧವಾಗಿ ನೇಮಿಸಿಕೊಳ್ಳಬಹುದು. ಉಯಿಲನ್ನು ತಂದೆತಾಯಿಗಳಿಬ್ಬರೂ ಆರೋಗ್ಯವಾಗಿರುವಾಗಲೇ ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಬಟ್ಟೆ ತಾವು ಹಾಕಿಕೊಳ್ಳುವುದು, ತಮ್ಮ ತಟ್ಟೆ ತಾವು ತೊಳೆಯುವುದು, ಹಸಿವು ನೋವುಗಳನ್ನು ಮಾತಿನಿಂದಲೋ ಚಿತ್ರದಿಂದಲೋ ತಿಳಿಸುವುದು, ಇಷ್ಟನ್ನು ಇಬ್ಬರಿಗೂ ಕಲಿಸಿದರೆ, ನಾಳೆ ಅವರನ್ನು ನೋಡಿಕೊಳ್ಳುವವರ ಹೊರೆ ಹಗುರವಾಗುತ್ತದೆ. ಅಕ್ಷರಕ್ಕಿಂತ ಇದು ಮೊದಲು.

ನೆರೆಹೊರೆಯವರಿಗೆ

ಈ ಲೇಖನವನ್ನು ಓದುವವರಲ್ಲಿ ಹೆಚ್ಚು ಮಂದಿಯ ಮನೆಯಲ್ಲಿ ಇಂಥ ಮಕ್ಕಳಿಲ್ಲ. ಆದರೆ ಬೀದಿಯಲ್ಲಿರಬಹುದು. ಅವರ ಮನೆಯಿಂದ ಕೂಗು ಕೇಳಿದಾಗ ಕಿಟಕಿಯಲ್ಲಿ ನಿಂತು ನೋಡುವುದಕ್ಕೆ ಬದಲಾಗಿ ಬಾಗಿಲಿಗೆ ಹೋಗಿ, ‘ಸಾರನ್ನು ನಾನು ಇಳಿಸಲೇ?’ ಎಂದು ಕೇಳಿ. ಮದುವೆ ಮುಂಜಿಗಳಿಗೆ ಕರೆಯುವಾಗ, ಮಕ್ಕಳನ್ನು ಬಿಟ್ಟು ಬನ್ನಿ ಎನ್ನಬೇಡಿ. ಓಲಗದಿಂದ ದೂರವಾಗಿ ಒಂದು ಕೋಣೆಯನ್ನು ತೋರಿಸಿ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸ್ಥಳವನ್ನು ಬಿಟ್ಟುಕೊಡಿ. ಹೊಳೆಯ ಕಡೆಗೆ ಒಂಟಿಯಾಗಿ ನಡೆಯುವ ಮಗುವನ್ನು ಕಂಡರೆ, ಯಾರ ಮಗುವೆಂದು ಯೋಚಿಸುತ್ತ ನಿಲ್ಲದೆ, ಮೊದಲು ಕೈ ಹಿಡಿಯಿರಿ.